ಮಕೋಖಾನ ಕೈ

ಮುಗುಮೊ ಸರ್ಕಲ್ಲಿನಲ್ಲಿ ಸಿಗ್ನಲ್ ದೀಪಗಳು ಮೊದಲಿನಿಂದಲೂ ಇದ್ದವು. ನೋಡುವವರು ಇರಲಿಲ್ಲ, ಅಷ್ಟೆ. ನೈರೋಬಿಯಲ್ಲಿ ದೀಪ ಹಸಿರಾದರೆ ಯಾರೂ ಹೊರಡುವುದಿಲ್ಲ, ಪೊಲೀಸಿನವನು ಕೈ ಬೀಸಬೇಕು. ನಮ್ಮ ಸರ್ಕಲ್ಲಿನ ಕೈ ಮಕೋಖಾನದು. ಆಳು ಕುಳ್ಳ, ಹೊಟ್ಟೆ ದೊಡ್ಡದು, ಕೈಗವಸು ಮಾತ್ರ ಬೆಳ್ಳಗೆ ಹೊಳೆಯಬೇಕು. ಅವನು ಕೈ ಎತ್ತಿದರೆ ಮಂತ್ರಿಯ ಕಾರೂ ನಿಲ್ಲುತ್ತಿತ್ತು. ಆ ಜಂಬ ನೋಡಿದರೆ ನನಗೆ ಮೈಯೆಲ್ಲ ಉರಿ. ಆದರೂ ಸರ್ಕಲ್ಲಿನ ಮೂಲೆಯ ನನ್ನ ಚಹಾ ಗಾಡಿಯಲ್ಲಿ ಮೊದಲ ಲೋಟ, ಎಣ್ಣೆಯಿಂದ ತೆಗೆದ ಮೊದಲ ಬಿಸಿ ಮಂದಾಜಿ ಅವನಿಗೇ.

ಈ ವರ್ಷ ಹೊಸ ದೀಪ ಹಾಕಿದರು. ಆಂಬುಲೆನ್ಸ್ ದೂರದಲ್ಲಿರುವಾಗಲೇ ಅದಕ್ಕೆ ಗೊತ್ತಾಗುತ್ತದಂತೆ, ಆ ದಾರಿಗೆ ತಾನೇ ಹಸಿರು ಕೊಡುತ್ತದಂತೆ. ಇಲ್ಲಿಂದ ಆಸ್ಪತ್ರೆಯವರೆಗೆ ಎಲ್ಲ ಸರ್ಕಲ್ಲಿನಲ್ಲೂ.

“ಕಂಬಕ್ಕೇನು ಕಿವಿ ಇದೆಯಾ ಮಾಮಾ?” ಎಂದು ಮಕೋಖಾ ನಕ್ಕ. ಇಲ್ಲಿ ಚಹಾ ಮಾರುವ ಹೆಂಗಸರೆಲ್ಲ ‘ಮಾಮಾ’, ಅಂದರೆ ಅಮ್ಮ. “ನನ್ ಕಿವಿ ಸಾಲ್ದಾ?”

ಮೊನ್ನೆ ಮಧ್ಯಾಹ್ನ ಫೋನ್ ಬಂತು. ನನ್ನ ತಂಗಿ ಬೋಸಿಬೊರಿಗೆ ಹೆರಿಗೆ ನೋವು, ರಕ್ತ ನಿಲ್ಲುತ್ತಿಲ್ಲ, ಆಂಬುಲೆನ್ಸಿನಲ್ಲಿ ಹೊರಟಿದ್ದಾರೆ. ಜೀವ ಬಾಯಿಗೆ ಬಂತು. ಓಡಿಹೋಗಿ ಮಕೋಖಾನಿಗೆ ಹೇಳಿದೆ.

“ಯಾವ ರಸ್ತೇಲಿ?”

“ನಂಗೇನ್ ಗೊತ್ತು!”

“ಇರ್ಲಿ ಬಿಡು, ಕೇಳಿಸ್ಕೋತೀನಿ.”

ಸೈರನ್ ಕೇಳಿತು. ಸುತ್ತ ಎತ್ತರದ ಕಟ್ಟಡಗಳು, ಸದ್ದು ನಾಲ್ಕೂ ಕಡೆಯಿಂದ ಬಂದಂತಿತ್ತು. ಮಕೋಖಾ ಕಿವಿಗೊಟ್ಟು ಮಾರ್ಕೆಟ್ ರಸ್ತೆಯ ಗಾಡಿಗಳನ್ನು ಹೋಗಲು ಬಿಟ್ಟ, ಉಳಿದವನ್ನು ತಡೆದ. ಆದರೆ ದೀಪ ಹಸಿರಾಗಿದ್ದು ರೈಲ್ವೆ ರಸ್ತೆಗೆ! ಅಲ್ಲಿ ಮುಂದೆಯೇ ಒಂದು ಮಟಾಟು ವ್ಯಾನು ಕದಲದೆ ನಿಂತಿತ್ತು.

“ಹೋಗಪ್ಪಾ, ಹಸಿರು ಬಿದ್ದಿದೆ!” ಎಂದು ಅರಚಿದೆ.

“ದೀಪ ದಂಡ ಹಾಕಲ್ಲ ಮಾಮಾ, ಅವ್ನು ಹಾಕ್ತಾನೆ” ಎಂದ ಡ್ರೈವರ್.

ಅವನ ಹಿಂದಿನ ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡಿತ್ತು.

“ಮಕೋಖಾ! ನಿನ್ ಕೈ ಸೇದ್ಹೋಗ! ನನ್ ತಂಗಿ ಇಲ್ಲಿದಾಳೋ!”

ಅವನು ತಿರುಗಿದ. ಆಂಬುಲೆನ್ಸ್ ನೋಡಿದ, ಹಸಿರು ದೀಪ ನೋಡಿದ. ಮಾರ್ಕೆಟ್ ರಸ್ತೆ ತಡೆದು ಈ ಸಾಲನ್ನು ಬಿಟ್ಟ. ಆಂಬುಲೆನ್ಸ್ ನುಗ್ಗಿತು. ಆದರೆ ಮುಂದಿನ ಸರ್ಕಲ್ಲುಗಳಲ್ಲೂ ಇವನಂಥ ಕೈಗಳೇ! ಹೆಗಲ ಮೇಲಿನ ವೈರ್‌ಲೆಸ್‌ಗೆ ಬಾಯಿಟ್ಟು ಕೂಗಿದ:

“ಕೇಳ್ರೋ ಎಲ್ಲಾರೂ! ಕೈ ಜೇಬಿಗೆ ಹಾಕ್ಕೊಳ್ರೋ!”

“ಕುಡಿದಿದ್ದೀಯೇನಣ್ಣಾ?” ಎಂದಿತು ಆ ಕಡೆಯ ಪೊಲೀಸಿನವನ ದನಿ.

“ಜೇಬಿಗೆ ಅಂದೆ! ನಿಮ್ ಕೈ ಕಂಡ್ರೆ ದೀಪ ಯಾರೂ ನೋಡಲ್ಲ!”

ಹೇಳುತ್ತಲೇ ತನ್ನ ಕೈಗಳನ್ನೂ ಜೇಬಿಗೆ ತುರುಕಿದ. ಮುಂದಿನ ಸರ್ಕಲ್ಲು ನನ್ನ ಗಾಡಿಯ ಹತ್ತಿರದಿಂದ ಕಾಣುತ್ತದೆ. ಕೈ ಕಾಣದ ಡ್ರೈವರುಗಳು ಕಕ್ಕಾಬಿಕ್ಕಿಯಾಗಿ ಕತ್ತೆತ್ತಿದರು. ಹಸಿರು! ಸಾಲು ಹೊರಟೇಬಿಟ್ಟಿತು, ಹಿಂದೆಯೇ ಆಂಬುಲೆನ್ಸ್ ಹಾರಿಹೋಯಿತು. ನಾನು ಸೌಟು ಹಿಡಿದೇ ಕುಣಿದೆ.

ಸಂಜೆ ಮತ್ತೆ ಫೋನ್ ಬಂತು. ಚಹಾ ತೆಗೆದುಕೊಂಡು ನಡುರಸ್ತೆಗೇ ಹೋದೆ. ಮಕೋಖಾ ಇನ್ನೂ ಜೇಬಿನಲ್ಲಿ ಕೈಯಿಟ್ಟೇ ನಿಂತಿದ್ದ. ಗಾಡಿಗಳು ದೀಪ ನೋಡಿಕೊಂಡು ಓಡಾಡುತ್ತಿದ್ದವು.

“ಹೆಣ್ಣು ಮಗು. ಇಬ್ರೂ ಉಳಿದ್ರು” ಎಂದೆ.

ಅವನ ಕಣ್ಣು ತುಂಬಿತು. ಲೋಟ ಚಾಚಿದೆ. ಅದನ್ನು ನೋಡಿದ, ನನ್ನನ್ನು ನೋಡಿದ.

“ಈಗ ಕೈ ತೆಗೀಲಾ ಮಾಮಾ?”

“ಒಂದೇ ತೆಗಿ” ಎಂದೆ.