ಮೈಮೇಲೆ ಬಂದದ್ದು ದೇವರಲ್ಲ

ಕಬ್ಬಿನ ಹಂಗಾಮು ಶುರುವಾದರೆ ಅಫಜಲಪುರ ಕಡೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತುತ್ತದೆ. ಗಾಡಿ ತೂಕದ ಕಾಟಾ ಏರುವ ಪಾಳಿ ಬರಲು ಒಮ್ಮೊಮ್ಮೆ ರಾತ್ರಿ ಕಳೆದು ಮತ್ತೆ ಹಗಲಾಗುತ್ತದೆ. ಸೊನ್ನದ ಮಾಳಿಂಗಪ್ಪ ಆ ಸಾಲಿನಲ್ಲಿ ಎಲ್ಲರಿಗೂ ಬೇಕಾದ ಡ್ರೈವರ್. ಟ್ರೇಲರಿನ ಮೇಲೆ ಕುಳಿತು ಡೊಳ್ಳಿನ ಪದ ಹಾಡಿದನೆಂದರೆ ಹಿಂದಿನ ಗಾಡಿಯವರು ಹಾರ್ನ್ ಒತ್ತುವುದನ್ನು ಬಿಡುತ್ತಿದ್ದರು. ಅವನಿಗೆ ಕುಡಿತದ ಚಟವಿರಲಿಲ್ಲ. ತಂಬಾಕಿನ ಚಿಲುಮೆಯನ್ನು ಮಾತ್ರ, ಸುತ್ತು ಬಂದಾಗ ಬೇಡ ಎನ್ನುತ್ತಿರಲಿಲ್ಲ. ಎಲ್ಲರೂ ಸೇದುವಾಗ ಒಬ್ಬ ಕೈ ಅಡ್ಡ ಹಿಡಿದರೆ ಅದು ಕೂಟಕ್ಕೇ ಅವಮಾನ ಎಂಬುದು ಅಲ್ಲಿಯ ರೂಢಿ.

ಕಳೆದ ಹಂಗಾಮಿನ ಒಂದು ಮಧ್ಯಾಹ್ನ ಖಜೂರಿಯ ಡ್ರೈವರ್ ಸಿದ್ದಲಿಂಗ ಹೊಳೆಯುವ ಪಾಕೀಟೊಂದನ್ನು ತಂದ. ಗಡಿಯಾಚೆಯ ಧಾಬಾದಲ್ಲಿ ಕೊಂಡದ್ದಂತೆ. ಒಳಗೆ ಒಣ ಎಲೆಯ ಪುಡಿ.

"ಗಾಂಜಾ ಅಲ್ಲ ಮಾವಾ, ಗಿಡಮೂಲಿಕಿ. ಪೊಲೀಸರ ಕಾಟನೂ ಇಲ್ಲ," ಎಂದ.

"ಗಿಡಮೂಲಿಕಿ ಆದ್ರ ಕಷಾಯ ಮಾಡಿ ನಿಮ್ಮವ್ವಗ ಕುಡಸಲೇ," ಎಂದು ನಗುತ್ತಲೇ ಮಾಳಿಂಗಪ್ಪ ಎರಡು ದಮ್ಮು ಎಳೆದ.

ಸ್ವಲ್ಪ ಹೊತ್ತಿಗೆ ಅವನ ಕಣ್ಣು ಮೇಲಾಯಿತು, ಮೈ ಸೆಟೆದು ನಡುಗಿತು. ಅವನ ಮನೆದೇವರು ಮಾಳಿಂಗರಾಯ, ಇಟ್ಟ ಹೆಸರೂ ಆ ದೇವರದೇ. ಸುತ್ತಲಿದ್ದವರಿಗೆ ಬೇರೆ ಯೋಚನೆಯೇ ಬರಲಿಲ್ಲ.

"ದೇವರು ಬಂದಾನಲೇ! ಭಂಡಾರ ತರ್ರಿ!"

ಯಾರೋ ಅರಿಶಿಣದ ಭಂಡಾರವನ್ನು ಅವನ ಹಣೆಗೆ ಬಳಿದರು. ಹಿರಿಯ ಡ್ರೈವರ್ ಶಾಂತಲಿಂಗಪ್ಪ ಕೈಮುಗಿದು ದೇವರ ಹೇಳಿಕೆಯನ್ನೇ ಕೇಳಿದ: "ಅಪ್ಪಾ, ನಮ್ಮ ಪಾಳಿ ಯಾವಾಗ ಬರ್ತದ ಹೇಳಪ್ಪ."

ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದ ಹೆಂಡತಿ ತುಳಜಾಬಾಯಿ ಅಂದು ಜ್ವರವೆಂದು ಗಾಡಿಯ ನೆರಳಿಗೆ ಮಲಗಿದ್ದಳು. ಗದ್ದಲ ಕೇಳಿ ಎದ್ದು ಬಂದವಳು ಗಂಡನ ಬಾಯಿಯ ನೊರೆ ನೋಡಿ ಚೀರಿದಳು.

"ನಮ್ಮ ಮನ್ಯಾಗ ದೇವರು ಬರೋದು ನಮ್ಮ ಭಾವನ ಮೈಮ್ಯಾಲೆ! ಇವರ ಮ್ಯಾಲೆ ಒಮ್ಮೆರೆ ಬಂದಿಲ್ಲ. ಹೇಳಿಕಿ ಆಮ್ಯಾಲೆ ಕೇಳ್ರಿ, ಮೊದಲು ಎತ್ರಿ!"

ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಭಾಗ್ಯಜ್ಯೋತಿ ಫಿಟ್ಸ್ ನಿಲ್ಲಿಸುವ ಸೂಜಿ ಕೊಟ್ಟರು. ಎದೆಬಡಿತ ಓಡುತ್ತಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಮೂತ್ರದ ನಳಿಗೆ ಹಾಕಿದಾಗ ಸಿಕ್ಕ ನಾಲ್ಕು ಹನಿಯನ್ನು ಪರೀಕ್ಷೆಯ ಪಟ್ಟಿಗೆ ಬಿಟ್ಟು ನೋಡಿದರೆ ಗಾಂಜಾದ ಅಂಶ ಕಾಣಲಿಲ್ಲ.

"ನೋಡವಾ, ನಿನ್ನ ಗಂಡ ಏನೂ ಸೇದಿಲ್ಲ. ದೇವರೇ ಅದು," ಎಂದ ಶಾಂತಲಿಂಗಪ್ಪ. ತುಳಜಾಬಾಯಿಗೂ ಅರೆಗಳಿಗೆ ಹಾಗೇ ಅನ್ನಿಸಿತು.

ಡಾಕ್ಟರ್ ಒಪ್ಪಲಿಲ್ಲ. "ಈ ಪಟ್ಟಿಗೆ ಗಿಡದ ಗಾಂಜಾ ಅಷ್ಟೇ ಗೊತ್ತಾಗ್ತದ. ಈಗ ಹೊಲಕ್ಕ ಔಷಧ ಹೊಡದಂಗ ಎಲಿ ಮ್ಯಾಲೆ ಕೆಮಿಕಲ್ ಸಿಂಪಡಿಸಿ ಮಾರ್ತಾರ. ಅದು ಇದರಾಗ ಸಿಗಂಗಿಲ್ಲ. ಏನ್ ಸೇದಿಸಿರಿ? ನಾನು ಪೊಲೀಸರಲ್ಲ, ಹೇಳ್ರಿ."

ಡ್ರೈವರರ ಕಣ್ಣೆಲ್ಲ ಸಿದ್ದಲಿಂಗನ ಕಡೆ ಹೊರಳಿದವು. ತುಳಜಾಬಾಯಿ ಅವನ ಅಂಗಿ ಹಿಡಿದಳು. "ಲೇ ಸಿದ್ಲಿಂಗ್ಯಾ, ನನ್ನ ಕೈಯಾನ ರೊಟ್ಟಿ ತಿಂದೀಯಲ್ಲ. ಹೇಳಲೇ!"

ಅವನು ಅಳುತ್ತಾ ಜೇಬಿನಿಂದ ಪಾಕೀಟು ತೆಗೆದ. "ನಾನೂ ಇದನ್ನೇ ಸೇದೇನ್ರಿ, ನನಗೇನೂ ಆಗಿಲ್ಲ."

"ಒಂದು ಚಿಟಿಕ್ಯಾಗ ಕಮ್ಮಿ, ಇನ್ನೊಂದ್ರಾಗ ಹತ್ತು ಪಟ್ಟು ಇರ್ತದ. ನಿನ್ನ ನಸೀಬ ಛಲೋ ಇತ್ತು, ಅಷ್ಟೇ," ಎಂದರು ಡಾಕ್ಟರ್. ಈ ವಿಷ ಗಿಡದ ಗಾಂಜಾಕ್ಕಿಂತ ಬಹಳ ಬಿರುಸು, ಹೃದಯ, ಮಿದುಳು, ಮೂತ್ರಪಿಂಡ ಎಲ್ಲಕ್ಕೂ ಪೆಟ್ಟು ಕೊಡಬಲ್ಲದು, ಇದಕ್ಕೆಂದೇ ಬೇರೆ ಮದ್ದಿಲ್ಲ, ಸಲೈನ್ ಹಾಕಿ ಕಾಯಬೇಕು ಎಂದು ತಿಳಿಸಿದರು. ರಕ್ತದ ವರದಿ ನೋಡಿದ ಮೇಲೆ ಅವರ ದನಿ ತಗ್ಗಿತು. ಮೂತ್ರಪಿಂಡಗಳು ಸುಸ್ತಾಗಿದ್ದವು. ಬೆಳಗಿನೊಳಗೆ ಮೂತ್ರ ಇಳಿಯದಿದ್ದರೆ ಕಲಬುರಗಿಗೆ ಕಳಿಸಿ ಡಯಾಲಿಸಿಸ್ ಮಾಡಿಸಬೇಕು. ಆಮೇಲಿನದನ್ನು ಈಗಲೇ ಹೇಳಲಾಗದು.

ಮಂಚದ ಕೆಳಗೆ ತೂಗುಬಿಟ್ಟ ಮೂತ್ರದ ಚೀಲದ ಮೇಲಿಂದ ತುಳಜಾಬಾಯಿ ಕಣ್ಣು ಕೀಳಲಿಲ್ಲ. ಬೆಳಗಿನ ಪಾಳಿಗೆ ಬಂದ ನರ್ಸ್ ಸರ್ವರಬೇಗಂ ಚೀಲ ಎತ್ತಿ ಬೆಳಕಿಗೆ ಹಿಡಿದರು.

"ಅಕ್ಕಾ, ಹೊಳಿ ಬಂದದ ನೋಡ್ರಿ!"

ಚೀಲ ಅರ್ಧ ತುಂಬಿತ್ತು. ತುಳಜಾಬಾಯಿ ಹೊರಗೆ ಓಡಿ, ಕಾಂಪೌಂಡಿಗೆ ಒರಗಿ ಕುಳಿತಿದ್ದ ಡ್ರೈವರರಿಗೆ, "ಒಂದಕ್ಕ ಬಂತ್ರೋ, ಒಂದಕ್ಕ ಬಂತು!" ಎಂದು ಕೂಗಿದಳು. ಚಹಾ ಕುಡಿಯುತ್ತಿದ್ದ ಹೊರಗಿನ ಜನ ಕಕ್ಕಾಬಿಕ್ಕಿಯಾದರು. ಸಿದ್ದಲಿಂಗ ಮಾತ್ರ ಅವಳ ಕಾಲಿಗೇ ಬಿದ್ದ. ಡಾಕ್ಟರ್ ಕಲಬುರಗಿಯ ಮಾತು ಕೈಬಿಟ್ಟರು.

ಸಂಜೆಗೆ ಮಾಳಿಂಗಪ್ಪ ಕಣ್ಣು ಬಿಟ್ಟ. ಬುದ್ಧಿ ಸ್ಥಿಮಿತಕ್ಕೆ ಬಂದಿದೆಯೇ ಎಂದು ನೋಡಲು ಡಾಕ್ಟರ್ ಪಕ್ಕದಲ್ಲಿದ್ದವಳನ್ನು ತೋರಿಸಿ, "ಇವರು ಯಾರು?" ಎಂದು ಕೇಳಿದರು.

ಅವನು ಬಹಳ ಹೊತ್ತು ನೋಡಿದ. ತುಳಜಾಬಾಯಿ ಅವನ ಮುಖದ ಹತ್ತಿರಕ್ಕೆ ಬಾಗಿದಳು.

"ನನ್ನ ಹೆಂಡ್ತಿರಿ. ತುಳಜಾಬಾಯಿ," ಎಂದ ಒಣ ದನಿಯಲ್ಲಿ. "ನೀವು ಹ್ವಾದಮ್ಯಾಲೆ ನನ್ನ ಬೈತಾಳರಿ. ಸ್ವಲ್ಪ ಇಲ್ಲೇ ನಿಂದರ್ರಿ."

"ಪೂರಾ ಅರಾಮ ಆಗ್ಯಾರ್ರಿ ಡಾಕ್ಟ್ರಬಾಯಿ," ಎಂದಳು ತುಳಜಾಬಾಯಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ನೀವು ಹೋಗ್ರಿ."