ದುಂಡಗಿನ ಅಕ್ಷರ, ಸೊಟ್ಟ ಅಕ್ಷರ

ಶಾಲೆಯಲ್ಲಿ ಎಲ್ಲರಿಗೂ ಅವಳು ಗಂಟೆಯಕ್ಕ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಮೇಷ್ಟ್ರುಗಳಿಗೆ ಚಹಾ ಕೊಡುವುದು, ಪರೀಕ್ಷೆ ಮುಗಿದ ಮೇಲೆ ಕಾಗದ ಕಟ್ಟುವುದು ಅವಳ ಕೆಲಸ. ಹನ್ನೊಂದು ವರ್ಷವಾದರೂ ಇನ್ನೂ ಹಂಗಾಮಿ. ಹೆಡ್‌ಮಾಸ್ಟರು ನಾಳೆಯಿಂದ ಬರಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮಗಳು ಅದೇ ಶಾಲೆಯಲ್ಲಿ ಏಳನೆಯ ತರಗತಿ. ಎಂಟಕ್ಕೆ ಹೋಗುವಾಗ ಆರೇ ಆರು ಮಕ್ಕಳನ್ನು ಗಣಿತ, ವಿಜ್ಞಾನದ ವಿಶೇಷ ತರಗತಿಗೆ ಆರಿಸುತ್ತಾರೆ. ಮಗಳಿಗೆ ಅದರದೇ ಹುಚ್ಚು. ಗಾರೆ ಕೆಲಸದ ಗಂಡನದು ಒಂದೇ ಮಾತು: "ಅದ್ರಲ್ಲಿ ಸಿಕ್ಕಿದ್ರೆ ಓದ್ಲಿ. ಇಲ್ಲಾಂದ್ರೆ ಹೊಲಿಗೆ ಕಲೀಲಿ."

ಹೀಗಿರುವಾಗ ದೊಡ್ಡ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಗಂಡುಮಕ್ಕಳ ನೆನಪು ಗಟ್ಟಿಯೋ ಹೆಣ್ಣುಮಕ್ಕಳದೋ, ಓದಿದವರ ಮನೆಯ ಮಕ್ಕಳದೋ ಓದದವರ ಮಕ್ಕಳದೋ, ಇದು ಅವರ ಅಧ್ಯಯನ. ಇಪ್ಪತ್ತು ಪದ ಓದಿ ಹೇಳಿದರು. ಮಕ್ಕಳು ನೆನಪಿದ್ದಷ್ಟನ್ನು ಬಿಳಿ ಹಾಳೆಯಲ್ಲಿ ಬರೆದರು. ಗಂಡೋ ಹೆಣ್ಣೋ, ಅಪ್ಪ ಅಮ್ಮನ ಕೆಲಸವೇನು ಅನ್ನುವುದನ್ನು ಬೇರೆ ಗುಲಾಬಿ ಹಾಳೆಯಲ್ಲಿ ತುಂಬಿದರು. ಯಾರಿಗೂ ಅವಮಾನವಾಗಬಾರದೆಂದು ಹೆಸರು ಬರೆಸಲಿಲ್ಲ. ಎರಡೂ ಕಟ್ಟು ಬೆಂಚಿನ ಸಾಲಿನಂತೆಯೇ ಇದ್ದವು, ಜೋಡಿಸಲು ಅದೇ ಗುರುತು. "ಇದ್ದ ಹಾಗೇ ಕಟ್ಟಿಡಿ ಅಕ್ಕಾ," ಅಂದು ಮೇಡಂ ಊಟಕ್ಕೆ ಹೋದರು.

ಗಂಟೆಯಕ್ಕ ಹನ್ನೊಂದು ವರ್ಷದಿಂದ ಯಾವ ಪರೀಕ್ಷೆಯ ಕಾಗದವನ್ನೂ ಇದ್ದ ಹಾಗೆ ಕಟ್ಟಿದವಳಲ್ಲ. ಹುಡುಗಿಯರದು ಬೇರೆ, ಹುಡುಗರದು ಬೇರೆ, ಆ ಶಾಲೆಯ ಪದ್ಧತಿಯೇ ಅದು. ಗುಲಾಬಿ ಹಾಳೆಯಲ್ಲಿ ಗುರುತಿತ್ತು, ಬೇರೆ ಮಾಡಿದಳು. ಬಿಳಿ ಹಾಳೆಯಲ್ಲಿ ಇರಲಿಲ್ಲ. ಅದಕ್ಕೇನಂತೆ? ದುಂಡಗಿನ ಅಕ್ಷರವೆಲ್ಲ ಹೆಣ್ಣು, ಕಾಗೆ ಕಾಲಿನಂಥ ಅಕ್ಷರವೆಲ್ಲ ಗಂಡು! ಎಣಿಸಿದರೆ ಗುಲಾಬಿ ಹಾಳೆಯ ಲೆಕ್ಕಕ್ಕಿಂತ ಹೆಣ್ಣು ನಾಲ್ಕು ಹೆಚ್ಚಾಯಿತು. ಅದರಲ್ಲೇ ಸ್ವಲ್ಪ ಸೊಟ್ಟಗಿದ್ದ ನಾಲ್ಕನ್ನು ಹುಡುಗರ ಕಡೆ ಸೇರಿಸಿ ಲೆಕ್ಕ ಸರಿಮಾಡಿ, ಬಿಗಿಯಾಗಿ ದಾರ ಸುತ್ತಿದಳು.

ನಾಲ್ಕು ದಿನ ಬಿಟ್ಟು ಮೇಡಂ ಬಿಳಿ ಹಾಳೆಗೆ ಗುಲಾಬಿ ಹಾಳೆಯನ್ನು ಕಟ್ಟಿನ ಸಾಲಿನಂತೆ ಜೋಡಿಸಿ ಫಲಿತಾಂಶ ತಂದರು. ಹೆಡ್‌ಮಾಸ್ಟರಿಗೆ ಹಬ್ಬವೋ ಹಬ್ಬ. ಹೆಸರಿಲ್ಲದಿದ್ದರೇನು, ಅಪ್ಪನ ಕೆಲಸ ಇದೆಯಲ್ಲ!

"ಹದಿನೆಂಟು ಪದ, ಡಾಕ್ಟರ ಮಗ! ನಾನು ಹೇಳಿರ್ಲಿಲ್ವಾ ಮೇಡಂ, ಬೀಜದಂತೆ ಬೆಳೆ ಅಂತ? ವಿಶೇಷ ತರಗತಿಗೆ ಇದ್ರಲ್ಲೇ ಆರಿಸಿಬಿಡ್ತೀನಿ." ಆಮೇಲೆ ಚಹಾ ತಂದವಳ ಕಡೆ ತಿರುಗಿ, "ತಾಯಿ ಶಾಲಾ ಆಯಾ ಅಂತಿರೋದು ನಿನ್ನ ಮಗಳದೇ ತಾನೆ? ನಾಲ್ಕು ಪದ. ಬೇಜಾರು ಮಾಡ್ಕೋಬೇಡ, ಹೊಲಿಗೆಯೂ ವಿದ್ಯೇನೇ," ಅಂದರು.

ಪರೀಕ್ಷೆಯಾದ ಸಂಜೆ ಮಗಳು ಹೇಳಿದ್ದೂ ಹದಿನೆಂಟೇ. ಗಂಟೆಯಕ್ಕ ಮನೆಗೆ ಹೋದವಳೇ ಮಗಳ ಪುಸ್ತಕ ಬಿಡಿಸಿದಳು. ಒಂದೊಂದು ಅಕ್ಷರವೂ ಕುಡಿದವನಂತೆ ವಾಲಿಕೊಂಡಿತ್ತು. ಊರ ಮಕ್ಕಳ ಕಾಗದವನ್ನೆಲ್ಲ ಕಟ್ಟಿದವಳಿಗೆ ಹೆತ್ತ ಮಗಳ ಅಕ್ಷರ ಗೊತ್ತಿರಲಿಲ್ಲ.

"ನಿಜವಾಗ್ಲೂ ಹದಿನೆಂಟು ಬರೆದ್ಯೇನೇ?"

ಮಗಳು ಒಂದೇ ಉಸಿರಿಗೆ ಅಷ್ಟೂ ಪದ ಒದರಿದಳು. "ಅಂಗಡಿಗೆ ಕಳಿಸೋವಾಗ ನೀನು ಯಾವತ್ತಾದ್ರೂ ಚೀಟಿ ಬರ್ಕೊಟ್ಟಿದ್ದೀಯಾ? ಬಾಯಲ್ಲೇ ಹದಿನೈದು ಸಾಮಾನು ಹೇಳ್ತೀಯ. ಒಂದು ಮರೆತ್ರೆ ಬೆನ್ನಿಗೆ ಬೀಳುತ್ತೆ. ಇದೇನು ಮಹಾ!"

ಸೊಟ್ಟ ಅಕ್ಷರವೆಂದು ಮಗಳ ಹಾಳೆಯನ್ನು ಹುಡುಗರ ಕಟ್ಟಿಗೆ ಸೇರಿಸಿದವಳು ತಾನೇ ಇರಬೇಕು ಅನ್ನುವುದು ಗಂಟೆಯಕ್ಕನಿಗೆ ಹೊಳೆಯಿತು. ಹಾಗಾದರೆ ಓದದ ಮನೆಯೇ ಮೇಲಾಯಿತೋ? ಅಥವಾ ಒಂದು ದಿನದ ಅದೃಷ್ಟವೋ? ಡಾಕ್ಟರ ಮಗನ ಲೆಕ್ಕಕ್ಕೆ ಹೋದ ಆ ಹಾಳೆ ಮಗಳದೇ ಅನ್ನುವುದಕ್ಕಾದರೂ ಏನು ಸಾಕ್ಷಿ? ಸೊಟ್ಟ ಅಕ್ಷರದವರು ಶಾಲೆಯಲ್ಲಿ ಇನ್ನೂ ಇದ್ದಾರಲ್ಲ.

ಬೆಳಿಗ್ಗೆ ಗಂಟೆ ಹೊಡೆದವಳೇ ಹೋಗಿ, ವರದಿ ಮುಗಿಸಲು ಮತ್ತೆ ಬಂದಿದ್ದ ಮೇಡಂ ಎದುರು ಎಲ್ಲ ಕಕ್ಕಿದಳು. ಕೆಲಸ ಹೋದರೆ ಹೋಗಲಿ ಅಂತಲ್ಲ, ಎಲ್ಲಿ ಹೋಗಿಬಿಡುತ್ತದೋ ಅನ್ನುವ ಹೆದರಿಕೆಯಲ್ಲೇ.

ಮೇಡಂ ತಲೆ ಮೇಲೆ ಕೈಯಿಟ್ಟು ಕೂತರು. "ಅಕ್ಷರ ನೋಡಿ ಹೆಣ್ಣು ಗಂಡು ಅಂತ ಹೇಗೆ ಹೇಳಿದ್ರಿ ಅಕ್ಕಾ?"

"ಹೆಣ್ಮಕ್ಕಳು ದುಂಡಗೆ ಬರೀತಾರಲ್ಲ ಮೇಡಂ."

"ಯಾರು ಹೇಳಿದ್ದು?"

ಯಾರು ಹೇಳಿದ್ದು? ಎಷ್ಟು ಕೆದಕಿದರೂ ಅವಳಿಗೆ ಹೊಳೆಯಲಿಲ್ಲ.

ಹೆಡ್‌ಮಾಸ್ಟರು ಕೂಗಾಡಿದರು, "ಹನ್ನೊಂದು ವರ್ಷ ಕತ್ತೆ ಕಾದ್ಯಾ?" ಅಂದರು. ಆದರೂ ಮೇಡಂ ಪಟ್ಟು ಹಿಡಿದು ಇನ್ನೊಂದು ಪರೀಕ್ಷೆ ಮಾಡಿದರು, ಬೇರೆ ಪದ, ಈ ಸಲ ಹೆಸರು ಸಮೇತ. ವಿಶೇಷ ತರಗತಿಯ ಆಯ್ಕೆಯೂ ಇದರ ಮೇಲೇ ಎಂದಾಯಿತು. ಮಗಳು ಬರೆದದ್ದು ಹನ್ನೊಂದು, ಅಂದರೆ ಏಳನೆಯ ಸ್ಥಾನ. ಡಾಕ್ಟರ ಮಗ ಹತ್ತು ಬರೆದು ಎಂಟನೆಯವನಾದ. ಮೊದಲ ಸ್ಥಾನ ಇಬ್ಬರಿಗೆ: ಒಬ್ಬಳು ಶಿಕ್ಷಕಿಯ ಮಗಳು, ಇನ್ನೊಬ್ಬ ಗುಜರಿಯವನ ಮಗ. ಗಂಡು, ಹೆಣ್ಣು, ಓದಿದವರು, ಓದದವರು ಎಲ್ಲ ಕಲಸುಮೇಲೋಗರ.

"ಯಾವುದು ನಿಜ ಮೇಡಂ? ಹದಿನೆಂಟೋ ಹನ್ನೊಂದೋ?"

"ಎರಡೂ ಇರಬಹುದು ಅಕ್ಕಾ. ಒಂದು ದಿನದ ನೆನಪು ನೋಡಿ ಮಗೂನ ಅಳೆಯೋಕಾಗಲ್ಲ."

"ಹಾಗಿದ್ರೆ ಅಳೆದಿದ್ಯಾಕೆ?" ಅಂದವಳು ಅಲ್ಲೇ ಇದ್ದ ಹೆಡ್‌ಮಾಸ್ಟರ ಕಡೆ ತಿರುಗಿದಳು. "ಸಾರ್, ಆರೇ ಯಾಕೆ? ಏಳಾದ್ರೆ ಏನಾಗುತ್ತೆ?"

"ಆ ಕೋಣೇಲಿರೋದೇ ಮೂರು ಬೆಂಚು ಕಣಮ್ಮಾ. ಬೆಂಚಿಗೆ ಇಬ್ರು."

ಇಷ್ಟೇನಾ! ಅವಳು ನೆಟ್ಟಗೆ ಉಗ್ರಾಣಕ್ಕೆ ಹೋಗಿ, ಕಾಲು ಅಲ್ಲಾಡುತ್ತಿದ್ದ ಬೆಂಚೊಂದನ್ನು ಕಿರ್ರೆಂದು ಇಡೀ ಪಡಸಾಲೆಗೆ ಕೇಳುವಂತೆ ಎಳೆದು ತಂದು ನಾಲ್ಕನೆಯ ಸಾಲಿಗೆ ಹಾಕಿದಳು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಬೆಂಚನ್ನೂ ಕೈಯಲ್ಲಿದ್ದ ಪಟ್ಟಿಯನ್ನೂ ನೋಡಿದರು. ಆಮೇಲೆ ಏಳನೆಯ ಹೆಸರು ಬರೆದುಕೊಂಡರು, ಎಂಟನೆಯದನ್ನೂ ಬರೆದುಕೊಂಡರು. "ಡಾಕ್ಟರಿಗೂ ಒಂದು ಮಾತು ಹೇಳಿಬಿಡ್ತೀನಿ, ಅವರಿಗೂ ಸಮಾಧಾನ ಆಗುತ್ತೆ," ಅನ್ನುತ್ತ ನಡೆದರು.

ಗಂಟೆಯಕ್ಕ ಬೆಂಚಿನ ದೂಳು ಒರೆಸಿದಳು. ಮಗಳಿಗೆ ಜಾಗ ಸಿಕ್ಕಿತು, ಅದೇನೋ ನಿಜ. ಆದರೆ ಸಿಕ್ಕಿದ್ದು ಅವಳ ನೆನಪಿಗೋ, ತನ್ನ ರಟ್ಟೆಗೋ, ಡಾಕ್ಟರ ಮಗನ ಪುಣ್ಯಕ್ಕೋ? ಯಾವುದೆಂದು ಅವಳಿಗೆ ಬಗೆಹರಿಯಲಿಲ್ಲ.