ದೊಡ್ಡಮ್ಮನನ್ನು ಕೇಳದೇ ಬಿಟ್ಟ ಪ್ರಶ್ನೆ

ಇವತ್ತು ಬೆಳಿಗ್ಗೆ ಕೋಲಾರದ ನನ್ನ ಕ್ಲಿನಿಕ್ಕಿಗೆ ಶ್ರೀನಿವಾಸಪುರದ ಕಡೆಯ ಹೆಂಗಸೊಬ್ಬರು ಬಿಡದ ಜ್ವರ ಅಂತ ಬಂದರು. ಕೂತ ತಕ್ಷಣ ಅವರ ಸೆರಗಿನಿಂದ ಹಸಿಹುಲ್ಲು, ಸಗಣಿ, ಹಾಲು ಮೂರೂ ಕಲೆತ ವಾಸನೆ. "ಡೈರಿಗೆ ಹಾಲು ಹಾಕಿ ಹಂಗೇ ಬಂದ್ಬಿಟ್ಟೆ ಮೇಡಂ," ಅಂತ ಕುರ್ಚಿ ಹಿಂದಕ್ಕೆ ಸರಿಸಿದರು. ಆ ಸಂಕೋಚ ನನಗೆ ಗೊತ್ತು. ಮುಳಬಾಗಿಲಿನಲ್ಲಿ ಕಾಲೇಜಿನ ಬಸ್ಸು ಹತ್ತುವ ಮುಂಚೆ ಅದೇ ವಾಸನೆ ಹೋಗಲಿ ಅಂತ ಎರಡೆರಡು ಸಲ ಸೋಪು ಉಜ್ಜಿದವಳು ನಾನು.

ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಎಂ.ಡಿ. ಆಗಿ, ಮೇಲೆ ಸೋಂಕುರೋಗಗಳ ತರಬೇತಿಯನ್ನೂ ಮುಗಿಸಿ ಬಂದಾಗ ಬೈರಕೂರಿನ ದೊಡ್ಡಮ್ಮ ಕೇಳಿದ್ದಳು: "ಏಮಮ್ಮಾ ಡಾಕ್ಟ್ರೇ, ಓದು ಮುಗೀತಾ, ಇನ್ನೂ ಏನಾದ್ರೂ ಉಳ್ಕೊಂಡಿದೆಯಾ?" ಸುತ್ತಲ ಹಳ್ಳಿಗಳಲ್ಲಿ ಹಸು ಈಯಲಾರದೆ ಒದ್ದಾಡಿದರೆ ಜನ ಕರೆಯುತ್ತಿದ್ದುದು ಅವಳನ್ನೇ. ಬರಿಗೈ ಹಾಕಿ ಕರು ಎಳೆಯುತ್ತಿದ್ದಳು. ಊರಲ್ಲಿ ನನಗಿಂತ ದೊಡ್ಡ ಡಾಕ್ಟರು.

ಅದೇ ವರ್ಷ ಅವಳಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಮೈ ಸುಡುವುದು, ಬೆವರು, ಸೊಂಟನೋವು. ಮೂರು ತಿಂಗಳಾದರೂ ಬಿಡಲಿಲ್ಲ. ಬೆನ್ನಿನ ಸ್ಕ್ಯಾನ್ ನೋಡಿದವರು ಕ್ಯಾನ್ಸರ್ ಇರಬಹುದು ಅಂದರು. ಮನೆಯವರೆಲ್ಲ ನನ್ನ ಮುಖ ನೋಡಿದರು. ನಿಮ್ಮ ಮುಂದೆ ಬಡಾಯಿ ಯಾಕೆ, ನನಗೂ ಹೊಳೆಯಲಿಲ್ಲ. ಜ್ವರ ಅಂತ ಬಂದವರನ್ನೆಲ್ಲ ದನದ ಬಗ್ಗೆ ಕೇಳುವವಳು ದೊಡ್ಡಮ್ಮನನ್ನು ಮಾತ್ರ ಕೇಳಲಿಲ್ಲ. ಕೇಳುವುದೇನಿದೆ? ಅವಳ ಕೊಟ್ಟಿಗೆಯಲ್ಲೇ ಆಡಿ ಬೆಳೆದವಳಲ್ಲವೆ ನಾನು!

ಬಯಾಪ್ಸಿಗೆ ಹೊರಡುವ ಹಿಂದಿನ ದಿನ ಅವಳು ಮಲಗಿದ್ದಲ್ಲಿಂದಲೇ ಗೊಣಗಿದಳು. "ನಾನು ಹೋದ್ರೆ ಕೆಂಚೀನ ನೋಡ್ಕೊಳ್ರೇ. ಪಾಪ, ಎರಡು ಸಲ ದಿನ ತುಂಬದೇ ಸತ್ತ ಕರು ಹಾಕ್ತು. ಎರಡೂ ಸಲ ನಾನೇ ಕೈ ಹಾಕಿ ತೆಗೆದೆ."

"ಯಾವಾಗ ದೊಡ್ಡಮ್ಮಾ?"

"ಈ ಜ್ವರಕ್ಕೆ ಮುಂಚೆ ಕಣೇ."

"ಮತ್ತೆ ಹೇಳಲೇ ಇಲ್ವಲ್ಲ!"

"ನೀನೆಲ್ಲಿ ಕೇಳಿದ್ಯೇ?"

ದನದ ಗರ್ಭ ಕೆಡಿಸುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ಪರೀಕ್ಷೆಗೆ ಪುಟಗಟ್ಟಲೆ ಬರೆದಿದ್ದೆ. ರಕ್ತ ಕಳಿಸಿದೆ. ಅದೇ. ರಿಪೋರ್ಟು ಹಿಡಿದು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ವಾಸಿಯಾಗುವ ಕಾಯಿಲೆ! ತಿಂಗಳುಗಟ್ಟಲೆ ಮಾತ್ರೆ ನುಂಗಿ ದೊಡ್ಡಮ್ಮ ಎದ್ದಳು. ಎದ್ದವಳೇ ಅಂದಳು: "ಅಷ್ಟು ವರ್ಷ ಓದಿದ್ದು ಹಸು ಸಮಾಚಾರ ಕೇಳಕ್ಕೇನೇ?" ಈಗಲೂ ಕರು ಎಳೆಯುತ್ತಾಳೆ, ಗ್ಲೌಸ್ ಹಾಕಿಕೊಂಡು, ನನ್ನನ್ನು ಬೈದುಕೊಂಡು.

"ನಿಮ್ಮ ಹಸು ಹೇಗಿದೆ?" ಅಂತ ಕೇಳಿದೆ, ಎದುರಿಗೆ ಕೂತಿದ್ದ ಹೆಂಗಸನ್ನು. ಆಕೆ ಒಮ್ಮೆ ನನ್ನನ್ನು ನೋಡಿ, ಕುರ್ಚಿ ಮುಂದಕ್ಕೆಳೆದುಕೊಂಡು ಶುರುಮಾಡಿದರು. ಹೊರಗೆ ಕಾಯುತ್ತಿದ್ದವರು ಗೊಣಗತೊಡಗಿದರು. ನಾನು ಪೆನ್ನು ಕೆಳಗಿಟ್ಟೆ.